ಬಿಸಿಲಿನಲ್ಲಿ ತೊಗಲುಗೊಂಬೆ

"ಏಯ್, ಆ ಚರ್ಮದ ಗೊಂಬೆಗಳ ಪೆಟ್ಟಿಗೆ ಅಲ್ಲೇ ಇಳಿಸು! ಒಳಗೆ ಸರಸ್ವತಿ ಇದ್ದಾಳೆ, ಕಣ್ಣು ಕಾಣಲ್ವಾ?"

ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟ್ ಕಾಮೇಶ್ವರರಾವ್ ತೆಲುಗಿನಲ್ಲಿ ಕೂಗಿದ್ದು ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೆ ಕಾಲಿಟ್ಟ ಮುದುಕನಿಗೆ. ಮುದುಕ ತಲೆಯ ಮೇಲಿನ ಬಿದಿರು ಪೆಟ್ಟಿಗೆಯನ್ನು ಹಾಗೇ ಹಿಡಿದು ಹಿಂದೆ ಸರಿದ. ನನ್ನತ್ತ ತಿರುಗಿ, "ಎಲ್ಲಿ ಇಳಸ್ಲಿರೀ ಮೇಡಂ?" ಎಂದ.

ಅವನು ನನ್ನ ಒಡಹುಟ್ಟಿದ ತಮ್ಮ ಧನಂಜಯ. ಮೇಡಂ ಅನ್ನಬೇಕೆಂದು ಹೇಳಿಕೊಟ್ಟವಳು ನಾನೇ.

ನಾನು ಸುಲೋಚನಾ, ಬಿ.ಎ. ವಿಜಯವಾಡದ ಆಟೋನಗರದ ಹಿಂದಿರುವ ಈ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡ್ರಾಯಿಂಗ್ ಟೀಚರ್. ಕೊಪ್ಪಳದ ಕಡೆ ತೊಗಲುಗೊಂಬೆ ಆಡಿಸುವವರ ಮಗಳು. ನಮ್ಮಪ್ಪ ಮಕ್ಕಳ ಹೆಸರುಗಳನ್ನೂ ಗೊಂಬೆ ಪೆಟ್ಟಿಗೆಯಿಂದಲೇ ಎತ್ತಿಕೊಂಡಿದ್ದ. ನಮ್ಮ ಆಟದ ಕೋಡಂಗಿಯ ಹೆಸರು ಕಿಳ್ಳೇಕ್ಯಾತ. ಊರಿನವರು ಅದನ್ನೇ ನಮ್ಮ ಜಾತಿಗೂ ಇಟ್ಟರು, ಬೈಗುಳಕ್ಕೂ ಬಳಸಿಕೊಂಡರು. ಲಾರಿ ಮೆಕ್ಯಾನಿಕ್ ಗಂಡನ ಜೊತೆ ನಾನು ಇಲ್ಲಿಗೆ ಬಂದಾಗ ಇದು ಯಾರಿಗೂ ಗೊತ್ತಿರಲಿಲ್ಲ. "ಕನ್ನಡದವರಾ? ಹಾಗಾದ್ರೆ ಉಡುಪಿ ಹೋಟೆಲಿನವರು" ಎಂದು ಹೆಡ್‌ಮಿಸ್ ರಾಜ್ಯಶ್ರೀ ತಾನೇ ತೀರ್ಮಾನಿಸಿದಳು. ನಾನು ಅಲ್ಲ ಎನ್ನಲಿಲ್ಲ. ಸಾಂಬಾರಿನ ಗುಟ್ಟು ಕೇಳಿದಾಗ ವಾರಪತ್ರಿಕೆಯಲ್ಲಿ ಓದಿದ್ದನ್ನು ಒಪ್ಪಿಸಿದೆ. ಸರಸ್ವತಿ ಪೂಜೆಗೆ ಪ್ರತಿ ವರ್ಷ ನನ್ನಿಂದಲೇ ಆರತಿ ಎತ್ತಿಸುತ್ತಿದ್ದರು. ಗುಟ್ಟು ಬಯಲಾದೀತೆಂದು ಕಣ್ಣು ಮುಚ್ಚಿಕೊಂಡರೆ ಅದನ್ನೂ ಭಕ್ತಿ ಎಂದುಕೊಂಡರು.

ಈ ವರ್ಷ ಶಾಲೆಗೆ ತಿಂಗಳಿಗೊಬ್ಬರು ಕಲಾವಿದರನ್ನು ಕರೆಸುವುದೆಂದಾಯಿತು. ಮೊದಲ ತಿಂಗಳು ವಿಶಾಖಪಟ್ಟಣದ ಮಧುರವಾಡದಿಂದ ವೀಣೆಯ ವಿದುಷಿಯೊಬ್ಬರು ಕಾರಿನಲ್ಲಿ ಬಂದರು. ಕಾಮೇಶ್ವರರಾವ್ ಗೇಟಿನವರೆಗೆ ಓಡಿ, "ರಂಡಿ, ರಂಡಿ" ಎಂದು ಬರಮಾಡಿಕೊಂಡರು. ತೆಲುಗಿನಲ್ಲಿ ಅದು ದಯಮಾಡಿಸಿ ಎಂಬಂಥ ಮಾತು. ನಮ್ಮೂರಿನಲ್ಲಿ ಅಂದರೆ ಹಲ್ಲು ಉದುರುತ್ತವೆ. ಮದುವೆಯಾಗಿ ಬಂದ ವಾರ, ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ನನ್ನನ್ನು ಹಾಗೆ ಕರೆದಾಗ, ಬಿ.ಎ. ಓದಿದ ನಾನು ಒಳಗೆ ಹೋಗಿ ಮಧ್ಯಾಹ್ನವಿಡೀ ಅತ್ತಿದ್ದೆ. ಆಕೆ ತಂದಿದ್ದ ಹುಳಿಯನ್ನ, ಇಲ್ಲಿನವರ ಪುಳಿಹೋರ, ಆರಿಹೋಯಿತು.

ತೊಗಲುಗೊಂಬೆಯವರನ್ನು ಕರೆಸೋಣ ಎಂದವಳು ನಾನು. ತಿಂಗಳಿಡೀ ಫೋನಿನಲ್ಲಿ ತಮ್ಮನಿಗೆ ತೆಲುಗು ಕಲಿಸಿದೆ.

"ಇಲ್ಲಿ ನಿನ್ನ ರಂಡಿ ಅಂದ್ರ ಸಿಟ್ಟಾಗಬ್ಯಾಡೋ. ಅದು ಮರ್ಯಾದಿ."

"ಭಾಳ ಚಲೋ ಮರ್ಯಾದಿ ಬಿಡಬೇ ಯಕ್ಕಾ!" ಎಂದು ನಕ್ಕಿದ್ದ.

"ಇನ್ನೊಂದು. ಅಲ್ಲಿ ಅಕ್ಕ ಅನಬ್ಯಾಡ. ಮೇಡಂ ಅನ್ನು."

"ಆತ್ರೀ ಮೇಡಂ."

ಈಗ ಕಾಮೇಶ್ವರರಾವ್ ಅವನಿಗೆ ಬೆರಳು ಆಡಿಸಿ, "ಇಟು ರಾ" ಎಂದರು. ರಾ ಎಂದರೆ ಬಾರೋ. ರಂಡಿ ಎನ್ನಲು ಅವರ ನಾಲಗೆ ಏಳಲಿಲ್ಲ.

"ಸೈಕಲ್ ಶೆಡ್ಡಿನಲ್ಲಿ ಆಡಿಸು."

"ಬಿಸಲಾಗ ನೆಳ್ಳು ಬೀಳಾಂಗಿಲ್ರೀ, ಸಾಹೇಬ್ರ. ಕತ್ತಲಿ ಬೇಕ್ರೀ" ಎಂದ ಧನಂಜಯ. ನಾನು ತೆಲುಗಿಗೆ ತಿರುಗಿಸಿ ಹೇಳಿದೆ.

"ಕೈಯಲ್ಲಿ ಎತ್ತಿ ಹಿಡಿದು ಹಾಡಲಿ. ಟೀಚರ್ ಗಾರೂ, ನೀವು ದೂರ ನಿಲ್ಲಿ. ಮುಟ್ಟಿದರೆ ನಿಮ್ಮಂಥವರು ಮನೆಗೆ ಹೋಗಿ ತಲೆಗೆ ಸ್ನಾನ ಮಾಡಬೇಕಾಗುತ್ತೆ."

ನನಗಾಗಿ ಚಿಂತಿಸಿದರು. ಕೆಟ್ಟವರೇನಲ್ಲ, ನನ್ನ ಗಂಡನಿಗೆ ಆಪರೇಷನ್ ಆದಾಗ ಹಣ್ಣು ತಂದಿದ್ದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನಗೆ ಎಂ.ಎ. ಕೊಡಬಹುದು. ನಿಜ ಹೇಳಿದರೆ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಉಡುಪಿ ಹೋಗುತ್ತಿತ್ತು.

ಆಯಾ ಲಕ್ಷ್ಮೀಕಾಂತಮ್ಮ ಮಾತ್ರ ಮೇಷ್ಟರುಗಳ ಸ್ಟೀಲ್ ಲೋಟದಲ್ಲೇ ತಮ್ಮನಿಗೆ ನೀರು ಕೊಟ್ಟಳು. ಅವನು ಬೊಗಸೆ ಒಡ್ಡಿದರೆ, ಲೋಟವನ್ನೇ ಕೈಗಿಟ್ಟು ಹೋದಳು.

ಶೆಡ್ಡಿನಲ್ಲಿ ಪರದೆ ಕಟ್ಟಿದ. ಹನ್ನೊಂದು ಗಂಟೆಯ ಬಿಸಿಲಿಗೆ ಅದು ಬರೀ ಬಿಳಿ ಪಂಚೆಯಾಗಿತ್ತು. ಕಿಳ್ಳೇಕ್ಯಾತನ ಹೆಂಡತಿ ಬಂಗಾರಕ್ಕನ ಗೊಂಬೆಗೆ ದನಿ ಕೊಡುವ ತನ್ನ ಹೆಂಡತಿಗೆ ಜ್ವರವೆಂದು ಒಬ್ಬನೇ ಬಂದಿದ್ದ. ಎರಡೂ ಕೈಯಲ್ಲಿ ಗೊಂಬೆ ಹಿಡಿದು ಬೆವರಿದ.

"ಸಾರ್, ಏನೂ ಕಾಣ್ತಿಲ್ಲ!" ಎಂದರು ಮಕ್ಕಳು. ಕೆಲವರು ಎದ್ದು ಸೈಕಲ್ ಬೆಲ್ ಬಾರಿಸತೊಡಗಿದರು.

"ಇದೇನಾ ಕಲೆ?" ಕಾಮೇಶ್ವರರಾವ್ ವಾಚು ನೋಡಿಕೊಂಡರು. "ಅನ್ನ ತಿನ್ನೋಕೆ ಬಂದಿದಾನೆ, ಮುಂಡಾಕೊಡುಕು!"

ಮುಂಡೆಮಗ ಎಂದದ್ದು. ಆ ಮಾತನ್ನು ನಾನು ಫೋನಿನಲ್ಲಿ ಕಲಿಸಿರಲಿಲ್ಲ. ಆದರೂ ಅವನಿಗೆ ಅರ್ಥವಾಯಿತು. ಅವನ ಕೈಯಲ್ಲಿ ಕಿಳ್ಳೇಕ್ಯಾತ ಒಂದು ಗಳಿಗೆ ಅಲ್ಲಾಡದೆ ನಿಂತ. ಆಮೇಲೆ ಎಂದಿನ ಹಾಗೆ ಹೆಂಡತಿಯನ್ನು ಕೂಗಿದ:

"ಬಂಗಾರಕ್ಕಾ! ಎಲ್ಲಿ ಸತ್ತೀಯೇ?"

ಮೂರು ಸಲ ಕರೆದ ಮೇಲೆಯೇ ಬಂಗಾರಕ್ಕ ಬರಬೇಕು, ಅದು ನಮ್ಮ ಮನೆತನದ ರೂಢಿ. ಕಾಲೇಜು ಸೇರುವವರೆಗೆ ಆ ದನಿ ನನ್ನದಾಗಿತ್ತು. ಎರಡನೆಯ ಸಲ ಕೂಗಿದ. ಮೂರನೆಯ ಸಲ ಅವನೇ ಗಂಟಲು ಸಣ್ಣ ಮಾಡಿಕೊಂಡು ಉತ್ತರಿಸುವವನಿದ್ದ. ನನ್ನ ಗಂಟಲು ನನ್ನನ್ನು ಕೇಳದೆ ಮುಂದಾಯಿತು.

"ಇಲ್ಲೇ ಅದೀನೋ, ನಿನ್ನ ಬಾಯಾಗ ಮಣ್ಣ್ ಹಾಕ, ಹಾಟ್ಯಾ! ಬಿಸಲಾಗ ಬೆತ್ತಲಿ ನಿಂತು ನೆಳ್ಳು ಹುಡುಕ್ತೀಯಲ್ಲೋ, ಹೇಸಿಗೂಳೇ!"

ಸೈಕಲ್ ಬೆಲ್ಲುಗಳು ನಿಂತವು. ಹೆಡ್‌ಮಿಸ್ ಬಾಯಿ ತೆರೆದಳು. ನಾನು ಗೊಂಬೆ ಪೆಟ್ಟಿಗೆಯನ್ನು ಎತ್ತಿ ನನ್ನ ತಲೆಯ ಮೇಲೆ ಇಟ್ಟುಕೊಂಡೆ.

"ಟೀಚರ್ ಗಾರೂ! ಯಾರು ಇವನು ನಿಮಗೆ?" ಎಂದರು ಕಾಮೇಶ್ವರರಾವ್.

"ನನ್ನ ತಮ್ಮ. ನಾವು ಇದೇ ಜಾತಿಯವರು ಸಾರ್. ಆ ಸಾಂಬಾರು ಪತ್ರಿಕೆಯದು."

ಆಮೇಲೆ ತಮ್ಮನಿಗೆ, ಎಲ್ಲರಿಗೂ ಕೇಳುವಂತೆ ತೆಲುಗಿನಲ್ಲೇ ಹೇಳಿದೆ: "ಲೋಪಲಿಕಿ ರಂಡಿ. ಒಳಗೆ ದಯಮಾಡಿಸಿ."

ಮಂದಿರದಲ್ಲಿ ಕಿಟಕಿಯ ಪರದೆಗಳನ್ನು ಎಳೆದೆವು. ಮಕ್ಕಳು ಕರೆಯದೆಯೇ ನುಗ್ಗಿದರು. ತಮ್ಮ ಪಂಚೆ ಕಟ್ಟಿ, ಅದರ ಹಿಂದೆ ಬಲ್ಬು ಹತ್ತಿಸಿದೊಡನೆ ಕಿಳ್ಳೇಕ್ಯಾತ ಪರದೆಯ ತುಂಬ ಎದ್ದು ಹೊಟ್ಟೆ ಕುಣಿಸಿದ. ಮಕ್ಕಳು ಕಿರುಚಿದರು. ಕಾಮೇಶ್ವರರಾವ್ ಟ್ಯೂಬ್‌ಲೈಟ್ ಹಾಕಿ ನೆರಳು ಅಳಿಸಲು ಸ್ವಿಚ್ಚಿನ ಬಳಿ ಧಾವಿಸಿದರು. ಅಲ್ಲಿ ಲಕ್ಷ್ಮೀಕಾಂತಮ್ಮ ಸ್ವಿಚ್ಚುಗಳಿಗೆ ಅಡ್ಡವಾಗಿ, ಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು.

"ಸರಿಯೇ ಆಚೆ!"

"ಸೊಂಟ ಹಿಡ್ಕೊಂಡಿದೆ ಸಾರ್. ಅಲ್ಲಾಡೋಕಾಗ್ತಿಲ್ಲ."

ಅವರು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಅವರು ಮೇನ್ ಸ್ವಿಚ್ ಇಳಿಸಿದ ಸದ್ದು ಕೇಳಿತು. ಬಲ್ಬು ಆರಿತು, ಫ್ಯಾನು ನಿಂತಿತು. ಗೊಂಬೆಯೂ ಇಲ್ಲ, ನೆರಳೂ ಇಲ್ಲ.

"ಬಂಗಾರಕ್ಕಾ, ಇನ್ನೊಂದ್ಸಲ ಬೈಯಿ!" ಎಂದು ಕತ್ತಲಲ್ಲಿ ಯಾವುದೋ ಮಗು ಕೂಗಿತು.

ನಾಲ್ಕು ದಶಕಗಳ ಸಭ್ಯತೆಯಲ್ಲಿ ನನ್ನ ಬೈಗುಳಗಳೆಲ್ಲ ತುಕ್ಕು ಹಿಡಿದಿದ್ದವು. ಗಂಟಲು ಸರಿಮಾಡಿಕೊಂಡು, ಕಾಮೇಶ್ವರರಾವ್ ಹೋದ ಬಾಗಿಲಿನ ಕಡೆ ಮುಖ ಮಾಡಿ, ಬೈಯಲು ಶುರು ಮಾಡಿದೆ.