ಖಾಲಿ ಪಟ್ಟಿ

ಮೂರೋ ನಾಲ್ಕೋ, ಕುಕ್ಕರಿನ ಸೀಟಿಯ ಲೆಕ್ಕ ತಪ್ಪಿತು, ಅತ್ತೆಯನ್ನು ಕೇಳಿದರೆ ನಾನೇನು ನಿನ್ನ ಕಂಪ್ಯೂಟರಾ ಎಣಿಸ್ತಾ ಕೂರೋಕೆ ಅನ್ನುತ್ತಾರೆ, ಅನ್ನಲಿ, ಬೆಂದಿದ್ದರೆ ಬೆಂದಿರುತ್ತದೆ, ಅವಳು ಉರಿ ಸಣ್ಣ ಮಾಡಿ ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಅಡುಗೆಮನೆ ಮೂಲೆಯ ಮೇಜಿಗೆ ಮರಳಿದಳು, ಪರದೆಯ ಮೇಲೆ ಅದೇ ಸಾಲು ಕಾಯುತ್ತ ನಿಂತಿದೆ, ಒಟ್ಟು ಟಿಪ್ಪಣಿ ನಾನೂರ ಹನ್ನೆರಡು, ಜೋಡಿ ಸಿಗದವು ಹನ್ನೊಂದು — ಹನ್ನೊಂದು ಯಾಕೆ, ಒಂದೂ ತಪ್ಪಬಾರದಲ್ಲ, ಒಂದೊಂದನ್ನೂ ಕೈಯಾರೆ ಬರೆದದ್ದು, ಊರಿಗೆ ನೀರು ಬಿಡುವ ಪಂಪ್‌ಹೌಸಿನ ಪ್ರೋಗ್ರಾಮಿನಲ್ಲಿ ಏನೇ ತಿದ್ದಿದರೂ ತಿದ್ದುಪಡಿಗಳ ಇತಿಹಾಸದಲ್ಲಿ ಅದಕ್ಕೊಂದು ಗುರುತು ಬೀಳುತ್ತದೆ, ಅಂಕಿ ಅಕ್ಷರ ಕಲಸಿದ ಉದ್ದನೆಯ ಗುರುತು, ಅದರ ಮೊದಲ ಏಳನ್ನು ಅವಳು ತನ್ನ ಟಿಪ್ಪಣಿಯ ನೆತ್ತಿಗೆ ಬರೆದು, ಕೆಳಗೆ ಯಾಕೆ ತಿದ್ದಿದೆ ಅಂತ ಎರಡು ಸಾಲು ಹಾಕುತ್ತಾಳೆ, ಬರೀ ಅಕ್ಷರದ ಕಡತ, ಬಣ್ಣವಿಲ್ಲ ಬೆಡಗಿಲ್ಲ, ಯಾವ ಯಂತ್ರದಲ್ಲಾದರೂ ತೆರೆಯುತ್ತದೆ, ಟಿಪ್ಪಣಿಯನ್ನೂ ಇತಿಹಾಸವನ್ನೂ ಒಂದಕ್ಕೊಂದು ಕಟ್ಟಬೇಕು ಅಂತ ವರ್ಷದಿಂದ ಅಂದುಕೊಂಡದ್ದು, ಇವತ್ತು ಮಗಳು ಶಾಲೆಗೆ ಹೋಗಿಲ್ಲ, ಮಲಗಿದ್ದಾಳೆ, ಅವಳ ಹತ್ತಿರ ಕೂತು ಕೂತೇ ಕಟ್ಟಿ ಮುಗಿಸಿದಳು, ಕಟ್ಟಿದ ಮೇಲೆ ಹನ್ನೊಂದು ಬಿಡಿ ದಾರ ನೇತಾಡುತ್ತಿವೆ. ಅಮ್ಮಾ ಹೊಟ್ಟೆ, ಅಂತ ಒಳಗಿನಿಂದ ಸಣ್ಣ ಸ್ವರ, ಬಂದೆ ಕಂದಾ, ಹೋಗಿ ಹೊಟ್ಟೆಯ ಮೇಲೆ ಕೈಯಿಟ್ಟು ಬಂದಳು, ಬಿಸಿ, ನಿನ್ನೆಗಿಂತ ಬಿಸಿ, ತರಗತಿಯಲ್ಲಿ ಇನ್ನೂ ನಾಲ್ಕು ಮಕ್ಕಳು ಹೀಗೇ ಅಂತೆ, ಎದುರುಮನೆ ಅಜ್ಜಿಯೂ ಅಂತೆ, ಹವಾ ಬದಲಾಗಿದೆ ಅಂದರು ಡಾಕ್ಟರು, ಹವಾಕ್ಕೆ ಬಾಯಿಲ್ಲ ಪಾಪ, ಎಲ್ಲದಕ್ಕೂ ಅದನ್ನೇ ಹಿಡಿಯುತ್ತಾರೆ ಅಂತ ಅತ್ತೆ.

ಹನ್ನೊಂದೂ ಒಂದೇ ವಾರದವು, ಒಂದೊಂದಾಗಿ ತೆರೆದಳು, ಗುಂಡಿಯ ಬಣ್ಣ ಬದಲಿಸಿದ್ದು, ದಿನಾಂಕ ಹಿಂದುಮುಂದಾಗಿದ್ದನ್ನು ಸರಿಮಾಡಿದ್ದು, ಇವು ಹೋದರೆ ಹೋಗಲಿ, ಆದರೆ ಹೋಗುವುದೆಂದರೆ ಹೇಗೆ, ಇತಿಹಾಸ ಅಳಿಸುವುದಕ್ಕೆ — ಆಹಾ, ಪೊರಕೆ ಸರ್, ಆಫೀಸಿನಲ್ಲಿ ಎಲ್ಲರೂ ತಂಡದ ಮುಖ್ಯಸ್ಥರನ್ನು ಬೆನ್ನ ಹಿಂದೆ ಕರೆಯುವುದೇ ಹಾಗೆ, ಮೇಜಿನ ಮೇಲೊಂದು ಪೆನ್ನಿನ ಮುಚ್ಚಳ ಕಂಡರೂ ಗುಡಿಸುವವರು, ಏನಮ್ಮಾ ಇದು, ನಿಮ್ಮೆಲ್ಲರದೂ ಸೇರಿ ಒಂದು ವಾರಕ್ಕೆ ಮೂವತ್ತು ತಿದ್ದುಪಡಿ, ಇತಿಹಾಸನೋ ಸಂತೆನೋ, ಅಂದಿದ್ದರು, ನಗುತ್ತಲೇ, ಆ ಭಾನುವಾರ ಕೂತು ಮೂವತ್ತನ್ನೂ ಅದುಮಿ ಒಂದು ಮಾಡಿಬಿಟ್ಟಿದ್ದಾರೆ, ಇಲ್ಲಿದೆ, ಸಣ್ಣಪುಟ್ಟ ಕೆಲಸಗಳು ಅಂತ ಒಂದೇ ಹೆಸರು, ಒಂದೇ ಹೊಸ ಗುರುತು, ಹಳೆಯವೆಲ್ಲ ಅದರ ಹೊಟ್ಟೆಯೊಳಗೆ, ಸರಿ, ತೊಂದರೆಯಿಲ್ಲ, ಈ ಹನ್ನೊಂದನ್ನು ಆ ಒಂದಕ್ಕೆ ಕಟ್ಟಿದರಾಯಿತು, ಒಂಬತ್ತನೆಯದು ಏನಿದು. ಕ್ಲೋರಿನ್ ಮೀಟರ್ ರಿಪೇರಿಗೆ ಬಿಚ್ಚಿದ್ದಾರೆ, ಸುಳ್ಳು ಅಲಾರಂ ಬರದಂತೆ ಅದರ ಕೆಳಮಿತಿಯನ್ನು ಸೊನ್ನೆ ಮಾಡಿದ್ದೇನೆ, ತಾತ್ಕಾಲಿಕ, ಸೋಮವಾರ ವಾಪಸ್ ಹಾಕಬೇಕು. ಅವಳದೇ ಮಾತು. ಅವಳದೇ ಪೂರ್ಣವಿರಾಮ. ಸೋಮವಾರ ಹಾಕಿದೆನಲ್ಲ, ಹಾಕಿರುತ್ತೇನೆ, ಪ್ರತಿ ಸೋಮವಾರ ಮೊದಲ ಕೆಲಸವೇ ಅದು, ತಾತ್ಕಾಲಿಕ ಅನ್ನುವ ಪದವನ್ನು ಇತಿಹಾಸದಲ್ಲಿ ಹುಡುಕುವುದು, ಸಿಕ್ಕದ್ದನ್ನೆಲ್ಲ ಹಿಂದಕ್ಕೆ ಹಾಕುವುದು, ನೆನಪನ್ನು ನಂಬದೆ ಪಟ್ಟಿಯನ್ನು ನಂಬುವುದು, ಆ ಸೋಮವಾರ — ಆ ಸೋಮವಾರ ಪಟ್ಟಿ ಖಾಲಿ ಬಂತು, ಹಿಂದಿನ ದಿನವೇ ಆ ಪದವೂ ಗುಡಿಸಿಹೋಗಿತ್ತಲ್ಲ. ನೆನಪಿದೆ. ಚೆನ್ನಾಗಿ ನೆನಪಿದೆ, ಇವತ್ತು ಹಗುರ ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿ ಮಗಳಿಗೆ ಎರಡು ಜಡೆ ಹಾಕಿದ್ದಳು, ಗಡಿಬಿಡಿಯಿಲ್ಲದೆ, ಏನಮ್ಮಾ ಇವತ್ತು ನೋಯ್ತಾನೇ ಇಲ್ಲ ಅಂತ ಮಗಳು ಕನ್ನಡಿಯಲ್ಲಿ ನಕ್ಕಿದ್ದಳು, ಹೊರಡುವಾಗ ನಲ್ಲಿಗೆ ಬಾಯಿ ಕೊಟ್ಟು ಗಟಗಟ ಕುಡಿದು ಓಡಿದ್ದಳು, ಬೇಡ ಅಂದರೂ ಹಾಗೇ ಕುಡಿಯುತ್ತಾಳೆ. ಅದು ಏಳು ಸೋಮವಾರದ ಹಿಂದೆ.

ಕೈ ತಾನಾಗಿ ಪ್ರೋಗ್ರಾಮಿನ ಕಡತ ತೆರೆಯಿತು, ಮಿತಿ, ಸೊನ್ನೆ. ಸೊನ್ನೆಗಿಂತ ಕೆಳಗೆ ಯಾವುದೂ ಹೋಗುವುದಿಲ್ಲ, ಕ್ಲೋರಿನ್ ಪೂರ್ತಿ ನಿಂತರೂ ಹೋಗುವುದಿಲ್ಲ, ಅಂದಮೇಲೆ ಪಂಪ್‌ಹೌಸಿನ ಅಲಾರಂ ದೀಪ ಹತ್ತುವುದಿಲ್ಲ, ಆ ದೀಪವನ್ನು ಅವಳು ನೋಡಿದ್ದಾಳೆ, ಒಮ್ಮೆ ಹೋಗಿದ್ದಾಗ ಪಂಪಿನ ಅಣ್ಣ ಹೆಗಲ ಬಟ್ಟೆಯಿಂದ ಒರೆಸಿ ತೋರಿಸಿದ್ದ, ಗೋಡೆಯ ಮೇಲೆ ಬಟಾಣಿಯಷ್ಟು ಕೆಂಪು ಗಾಜು, ದಿನಾ ಒರೆಸ್ತೀನಿ ತಾಯಿ, ಧೂಳು ಕೂತು ಕಾಣದೇ ಹೋದ್ರೆ, ಅಂದಿದ್ದ. ಏಳು ವಾರದಿಂದ ಒರೆಸುತ್ತಿದ್ದಾನೆ. ಮಿತಿಯನ್ನು ಹಳೆಯ ಅಂಕಿಗೆ ತಿದ್ದಿ ಕಳಿಸಿದಳು, ಕಳಿಸಿದರೇನು, ಅಲ್ಲಿಯ ಯಂತ್ರ ಅದನ್ನು ತೆಗೆದುಕೊಳ್ಳುವುದು ಸಂಜೆ, ಸಂಜೆಯವರೆಗೆ ಊರೆಲ್ಲ ಕುಡಿಯುತ್ತದೆ, ಸರ್‌ಗೆ ಮೊದಲು ಹೇಳಬೇಕೇ, ಹೇಳಿದರೆ ನೋಡೋಣಮ್ಮಾ ಮೀಟಿಂಗ್ ಮುಗೀಲಿ ಅನ್ನುತ್ತಾರೆ, ಗುಡಿಸಿದವರು ಅವರು, ಸೊನ್ನೆ ಬರೆದವಳು ನಾನು, ಯಾರ ಹೆಸರು ಮುಂದೆ ಅಂತ ಆಮೇಲೆ ನೋಡಿದರಾಯಿತು, ಈಗ ಫೋನು ಎಲ್ಲಿ, ಅತ್ತೆ ಬಾಗಿಲಲ್ಲಿ ನಿಂತು ಏನಾಯ್ತೇ ಮುಖ ಹೀಗೆ, ಅತ್ತೇ ನಲ್ಲಿ ನೀರು ಯಾರೂ ಕುಡಿಯಬೇಡಿ, ಕುದಿಸಿ, ಎಲ್ಲ ಕುದಿಸಿ.

ಅಣ್ಣ ತೆಗೆದ, ಹಿಂದೆ ಪಂಪುಗಳ ಮೊರೆತ, ಏನ್ ತಾಯಿ ಅಪರೂಪಕ್ಕೆ, ಎಲ್ಲ ಸರಿ ಇದೆ, ದೀಪ ಹತ್ತಿಲ್ಲ, ಅಂದ, ಕೇಳುವ ಮೊದಲೇ ಅಂದ, ಅಣ್ಣಾ ದೀಪ ಬಿಡಿ, ದೀಪ ಕೆಟ್ಟಿದೆ, ತಪ್ಪು ನಂದು, ನೀವು ಕೈಯಲ್ಲೇ ನೋಡಿ ಹೇಳಿ, ಕ್ಲೋರಿನ್ ನೋಡುವ ಆ ಗಾಜಿನ ಕೊಳವೆ ಇತ್ತಲ್ಲ, ಇದೆ ತಾಯಿ ಖಾನೆಯಲ್ಲಿ, ನೀವು ದೀಪ ಹಾಕಿಕೊಟ್ಟ ಮೇಲೆ ಅದನ್ನ ಯಾರು ಮುಟ್ತಾರೆ, ಇರಿ. ಖಾನೆ ಎಳೆದ ಸದ್ದು, ಚಪ್ಪಲಿ ಸದ್ದು, ನೀರಿನಲ್ಲಿ ಎರಡು ಹನಿ ಔಷಧಿ ಬಿದ್ದರೆ ಗುಲಾಬಿ ಬಣ್ಣ ಬರಬೇಕು, ಅವನೇ ಕಲಿಸಿದ್ದು, ಎಷ್ಟು ಗಾಢವೋ ಅಷ್ಟು ಒಳ್ಳೇದು ಅಂತ, ಗುಲಾಬಿ ಬರಲಿ, ತಿಳಿಯಾದರೂ ಬರಲಿ, ಮಗಳ ಜಡೆಗೆ ಕಟ್ಟುವ ಆ ತಿಳಿಗುಲಾಬಿ ಟೇಪಿನಷ್ಟಾದರೂ, ಕುಕ್ಕರು ಮತ್ತೆ ಕೂಗಿತು, ಯಾರೂ ಎಣಿಸಲಿಲ್ಲ, ಹಾಸಿಗೆ ಬಿಟ್ಟು ಎದ್ದ ಸಣ್ಣ ಹೆಜ್ಜೆ, ಅಮ್ಮಾ ಬಾಯಾರಿಕೆ, ನಿಲ್ಲು ಕಂದಾ, ನಿಲ್ಲು, ಎದ್ದು ನಲ್ಲಿಗೆ ಅಡ್ಡ ನಿಂತಳು, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಮಗಳ ಸುಡುವ ಹಣೆಯ ಮೇಲೆ, ತಾಯೀ ಅಂತ ಆ ಕಡೆಯಿಂದ, ಬಣ್ಣ ಬರ್ತಿಲ್ಲ, ಔಷಧಿ ಹಳೇದೇನೋ, ಇನ್ನೊಂದು ಸೀಸೆ ಒಡೆದೆ, ಅದ್ರಲ್ಲೂ ಬರ್ತಿಲ್ಲ, ನೀರು ನೀರಾಗೇ ಇದೆ, ಆದ್ರೆ ದೀಪ ಹತ್ತಿಲ್ವಲ್ಲ ತಾಯಿ, ಇಲ್ಲೇ ಎದುರಿಗೇ ಇದೆ, ಬೆಳಿಗ್ಗೆ ಒರೆಸಿದೀನಿ — ಬಟಾಣಿಯಷ್ಟು ಕೆಂಪು ಗಾಜು, ಧೂಳಿಲ್ಲದ್ದು, ಒರೆಸಿ ಒರೆಸಿ ಹೊಳೆಯುವುದು, ಹತ್ತದೆ ಇರುವುದು.