ಲಾಂಚಿನ ಕಿಟಕಿಯಲ್ಲಿ ಮೊಣಕೈ

ಚಿತ್ರದ ಟೀಚರಿಗೆ ಈ ಕೆಲಸ ಸುತರಾಂ ಬೇಡವಾಗಿತ್ತು. ಬೇಡ ಅನ್ನಬೇಕಾದರೆ ಕಾರಣ ಹೇಳಬೇಕಲ್ಲ, ಆ ಕಾರಣವೋ ಬಾಯಿಬಿಟ್ಟು ಹೇಳುವಂಥದ್ದಲ್ಲ. ದೇಶಕ್ಕೆ ದೇಶವೇ ಅತ್ತ ಲಾಂಚು ದುರಂತಕ್ಕೆ ವರ್ಷ ತುಂಬುತ್ತಿತ್ತು. ಮುಳುಗಿದವರಲ್ಲಿ ಹೆಚ್ಚಿನವರು ಪ್ರವಾಸ ಹೊರಟಿದ್ದ ಶಾಲೆಯ ಮಕ್ಕಳು. ಪ್ರತಿ ಶಾಲೆಯಲ್ಲೂ ಮಕ್ಕಳೆಲ್ಲ ಸೇರಿ ಅದರ ನೆನಪಿಗೊಂದು ಚಿತ್ರ ಬರೆಯಬೇಕೆಂದು ಮೇಲಿನಿಂದ ಆದೇಶ ಬಂತು. ಹೆಡ್‌ಮಾಸ್ಟರು ಅದನ್ನು ತಂದು ಟೀಚರ ಕೊರಳಿಗೆ ಕಟ್ಟಿದರು. ಒಲ್ಲೆ ಅಂದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತಿತ್ತು.

ಆ ಲಾಂಚು ನಡೆಸುತ್ತಿದ್ದವನು ಟೀಚರ ಸ್ವಂತ ಅಣ್ಣ. ಅವನೂ ಅದರ ಜೊತೆಗೇ ಮುಳುಗಿದ. ಹಿಡಿಸಲಾರದಷ್ಟು ಜನರನ್ನು ತುಂಬಿಸಿದ ಮಾಲೀಕರು ವಕೀಲರನ್ನು ಇಟ್ಟುಕೊಂಡು ಪಾರಾದರು. ಸತ್ತವನಿಗೆ ಎಲ್ಲಿಯ ವಕೀಲ? ಶಾಪವೆಲ್ಲ ಅವನ ತಲೆಗೇ ಬಂತು. ಹಳೆ ಊರಿನಲ್ಲಿ ಮನೆ ಮೇಲೆ ಕಲ್ಲು ಬಿದ್ದಾಗ ಟೀಚರು ಅಮ್ಮನನ್ನು ಕರೆದುಕೊಂಡು ಗುರುತಿಲ್ಲದ ಈ ಊರಿಗೆ ಬಂದಳು. ಇಲ್ಲಿ ಅಮ್ಮ ಬೀದಿ ಕಡೆಯ ಕಿಟಕಿಯನ್ನು ಒಂದು ದಿನವೂ ತೆರೆದಿರಲಿಲ್ಲ. ಅಣ್ಣನ ಫೋಟೋ ಅಮ್ಮನ ಹಾಸಿಗೆಯಡಿ ಬೋರಲಾಗಿ ಮಲಗಿತ್ತು.

"ಮತ್ತೆ ಗಂಟುಮೂಟೆ ಕಟ್ಟೋ ಶಕ್ತಿ ನಂಗಿಲ್ಲ ಕಣೇ. ಅವನ ಸುದ್ದಿ ಎತ್ತಬೇಡ," ಅಂದಿದ್ದಳು ಅಮ್ಮ.

ಪತ್ರಿಕೆಯಲ್ಲಿ ಬಂದಿದ್ದ ಲಾಂಚಿನ ಫೋಟೋವನ್ನು ಟೀಚರು ದೊಡ್ಡದು ಮಾಡಿಸಿ ಚೌಕ ಚೌಕವಾಗಿ ಕತ್ತರಿಸಿದಳು. ಮಗುವಿಗೊಂದು ಚೂರು. ಅದನ್ನು ನೋಡಿ ರಟ್ಟಿನ ಮೇಲೆ ಬರೆಯಬೇಕು, ಎಲ್ಲ ರಟ್ಟು ಕೂಡಿಸಿದರೆ ಗೋಡೆಯುದ್ದದ ಲಾಂಚು. ಅವಳದು ಒಂದೇ ಕಟ್ಟಪ್ಪಣೆ: "ನಿಮ್ಮ ಚೌಕದಿಂದ ಆಚೆ ಹೋದ ಗೆರೇನ ಪಕ್ಕದವರು ಹಿಡ್ಕೋಬೇಕು. ನಡುವೆ ಕೈಬಿಟ್ರೆ ಚಿತ್ರ ಕೆಡುತ್ತೆ."

"ನಿನ್ ನೀರು ನೀಲಿ, ನನ್ ನೀರು ಕೆಸರು, ಹೆಂಗೋ ಕೂಡುತ್ತೆ?" ಎಂದು ಮಕ್ಕಳು ಕಿತ್ತಾಡಿದರು, ಆಮೇಲೆ ಅವರವರೇ ರಾಜಿಯಾದರು.

ಚಾಲಕನ ಕೋಣೆಯ ಚೂರನ್ನು ಮಾತ್ರ ಟೀಚರು ಯಾರಿಗೂ ಕೊಡಲಿಲ್ಲ. ಅದರಲ್ಲಿ ಒಂದು ತಲೆ ಮಬ್ಬುಮಬ್ಬಾಗಿ ಕಾಣುತ್ತಿತ್ತು. ಆ ರಟ್ಟಿಗೆ ತಾನೇ ಕಪ್ಪು ಬಳಿದಳು. ಕತ್ತರಿಸುವಾಗ ಪಕ್ಕದ ಚೂರಿಗೆ ಏನು ಹೋಯಿತೆಂದು ಮಾತ್ರ ಆ ಗಡಿಬಿಡಿಯಲ್ಲಿ ನೋಡಲಿಲ್ಲ.

ಶಾಲೆಯಲ್ಲಿ ನಡೆಯಲಿದ್ದ ನೆನಪಿನ ಸಭೆಯ ಹಿಂದಿನ ದಿನ ಮಕ್ಕಳು ರಟ್ಟುಗಳನ್ನು ತರಗತಿ ಕೋಣೆಯ ಗೋಡೆಗೆ ಜೋಡಿಸಿದರು. "ಟೀಚರ್!" ಎಂದು ಕೂಗಿದವಳು ಚಿನಕುರುಳಿ. ಬಾಯಿಗೆ ಬೀಗವಿಲ್ಲದ ಆ ಹುಡುಗಿಗೆ ಶಾಲೆಯೇ ಇಟ್ಟ ಹೆಸರದು. "ನನ್ ಚೌಕದಲ್ಲಿ ಮೊಣಕೈ ಇದೆ. ಆಸಾಮಿ ಎಲ್ಲಿ?"

ಮಕ್ಕಳು ಗೊಳ್ಳೆಂದು ನಕ್ಕರು. ಕಪ್ಪು ಕೋಣೆಯ ಕಿಟಕಿಯಿಂದ ಒಂದು ಮೊಣಕೈ ಹೊರಗೆ ಚಾಚಿತ್ತು. ಹಾಗೆ ಕೈ ಚಾಚಿ ಕೂರುವುದು ಅಣ್ಣನ ಚಾಳಿ.

"ಅದನ್ನ ಮುಚ್ಚಿಬಿಡಮ್ಮ," ಎಂದು ಆಗಷ್ಟೇ ಬಂದ ಹೆಡ್‌ಮಾಸ್ಟರು ಚಿನಕುರುಳಿಗೆ ಹೇಳಿದರು. "ನಾಳೆ ಮಕ್ಕಳನ್ನ ಕಳ್ಕೊಂಡೋರು ಬರ್ತಾರೆ. ಆ ಪಾಪಿ ಕೈ ಅವರ ಕಣ್ಣಿಗೆ ಬೀಳೋದು ಬೇಡ."

ಚಿನಕುರುಳಿ ಬ್ರಶ್ಶು ಹಿಡಿದು ನಿಂತೇ ಇದ್ದಳು. "ಆಚೆ ಹೋದ ಗೆರೇನ ಪಕ್ಕದವರು ಹಿಡ್ಕೋಬೇಕು ಅಂತ ನೀವೇ ಹೇಳಿದ್ರಲ್ಲ ಟೀಚರ್. ಪಕ್ಕದ್ದು ಯಾರ ಚೌಕ?"

"ನಂದು," ಅಂದಳು ಟೀಚರು. "ನಾನು ನೋಡ್ಕೋತೀನಿ, ನೀವೆಲ್ಲ ಮನೆಗೆ ಹೋಗಿ."

ಇತ್ತ ದರಿ, ಅತ್ತ ಪುಲಿ. ಗಂಟೆ ಹೊಡೆದು ಶಾಲೆ ಖಾಲಿಯಾದ ಮೇಲೆ ಮೊಣಕೈ ಮುಚ್ಚಲೆಂದೇ ಅವಳು ಬಣ್ಣ ಕಲಸಿದಳು. ಮಗು ಬರೆದದ್ದನ್ನು ಅಳಿಸಲು ಕೈ ಬರಲಿಲ್ಲ. ಯಾರೋ ಒಬ್ಬ ಆಸಾಮಿಯ ಭುಜ ಸಾಕು, ಯಾರಿಗೇನು ಗೊತ್ತಾಗುತ್ತದೆ ಎಂದುಕೊಂಡು ಕಪ್ಪಿನ ಮೇಲೆ ಭುಜ ತೀಡಿದಳು. ಭುಜಕ್ಕೊಂದು ಕತ್ತು ಬೇಕಾಯಿತು. ಆಮೇಲೆ ಕೈ ಅವಳ ಮಾತು ಕೇಳಲಿಲ್ಲ. ವರ್ಷವಿಡೀ ಅಳದಿದ್ದವಳು ಬಿಕ್ಕಿಬಿಕ್ಕಿ ಅಳುತ್ತಲೇ ಬರೆದಳು.

ಬೆಳಿಗ್ಗೆ ಹೆಡ್‌ಮಾಸ್ಟರು ಚಿತ್ರ ನೋಡಿ ಕೆಂಡವಾದರು. "ಮುಚ್ಚಿ ಅಂದ್ರೆ ಪೂರ್ತಿ ಆಳನ್ನೇ ಕೂರಿಸಿದ್ದೀರಲ್ರೀ!" ಎಂದು ಫೋಟೋದ ಚೂರನ್ನು ಎತ್ತಿ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಎರಡನ್ನೂ ನೋಡಿದರು. ಅವರ ದನಿ ತಗ್ಗಿತು. "ಇದರಲ್ಲಿ ಮುಖವೇ ಕಾಣಲ್ಲ. ಹುಬ್ಬು ಸೀಳಿರೋ ಗಾಯ ನಿಮಗೆ ಹೇಗೆ ಗೊತ್ತು?"

ಮಕ್ಕಳೆಲ್ಲ ತಿರುಗಿ ನೋಡಿದರು. ಗೇಟಿನಲ್ಲಿ ವಾಹನಗಳು ಬಂದು ನಿಂತ ಸದ್ದು ಕೇಳಿತು.

"ಕಲ್ಪನೆ ತಾನೆ?" ಹೆಡ್‌ಮಾಸ್ಟರು ತಾವೇ ದಾರಿ ತೋರಿಸಿ, ಕಪ್ಪು ಬಣ್ಣದ ಡಬ್ಬಿಯನ್ನು ಅವಳ ಕೈಗಿಟ್ಟರು. "ಹಾಗಿದ್ರೆ ಬೇಗ ಬಳೀರಿ, ಅವರು ಬಂದ್ರು."

ಹೂಂ ಅಂದರೆ ಸಾಕಿತ್ತು. ಕೆಲಸ ಉಳಿಯುತ್ತಿತ್ತು, ಅಮ್ಮನ ಮುಚ್ಚಿದ ಕಿಟಕಿಯೂ ಉಳಿಯುತ್ತಿತ್ತು. ಅಣ್ಣನನ್ನು ಇನ್ನೊಂದು ಸಲ ಮುಳುಗಿಸಬೇಕಿತ್ತು, ಅಷ್ಟೇ.

ಅವಳು ಡಬ್ಬಿಯನ್ನು ನೆಲಕ್ಕಿಟ್ಟಳು.

"ಚಿಕ್ಕವಳಿದ್ದಾಗ ಸ್ಲೇಟಲ್ಲಿ ಹೊಡ್ದಿದ್ದೆ ಸಾರ್," ಅಂದಳು. "ಆ ಗಾಯ ಮಾಡಿದ್ದು ನಾನೇ. ಅವನು ನಮ್ಮಣ್ಣ."

ಮಕ್ಕಳನ್ನು ಕಳೆದುಕೊಂಡವರು ಬಾಗಿಲು ದಾಟಿ ಒಳಗೆ ಬರುತ್ತಿದ್ದರು. ಆ ಕೋಣೆಗೆ ಇದ್ದುದು ಅದೊಂದೇ ಬಾಗಿಲು.