ಗುಡ್ಡ ಹತ್ತಿದ ರೇಡಿಯೊ

ನಾನು ಒಂದು ರೇಡಿಯೊ. ನಾಲ್ಕು ಸೆಲ್ಲು ಹಾಕುವ, ಹೆಗಲಿಗೆ ತೂಗಿಕೊಳ್ಳಲು ಕಂದು ಚರ್ಮದ ಪಟ್ಟಿಯಿರುವ ಟ್ರಾನ್ಸಿಸ್ಟರ್. ಹುಟ್ಟಿದ ಕಾರ್ಖಾನೆ ಯಾವ ಊರಿನದೋ ತಿಳಿಯದು. ಉದ್ದನೆಯ ಮೇಜು, ಸಾಲಾಗಿ ಕೂತು ಬೆಸುಗೆ ಹಾಕುವ ಹೆಂಗಸರು, ಕಾದ ತವರದ ವಾಸನೆ ಇಷ್ಟು ನೆನಪಿದೆ. ಕಡೆಗೊಬ್ಬಳು ನನ್ನ ಗುಂಡಿ ತಿರುಗಿಸಿ, ದನಿ ಹೊರಟಿದ್ದೇ ತಲೆಯಾಡಿಸಿ ಪಕ್ಕಕ್ಕಿಟ್ಟಳು. ಮಾತಾಡುವುದು ನನ್ನ ಹುಟ್ಟುಗುಣವೆಂದು ಅಂದೇ ಗೊತ್ತಾಯಿತು. ಹೊಟ್ಟೆಕಿಚ್ಚೂ ನನ್ನ ಗುಣವೆಂದು ಗೊತ್ತಾಗಲು ಬಹಳ ವರ್ಷ ಬೇಕಾದವು.

ಹುಬ್ಬಳ್ಳಿಯ ಅಂಗಡಿಯಿಂದ ನನ್ನನ್ನು ಒಯ್ದವನು ಲಾರಿ ಓಡಿಸುವ ದಾವಲಸಾಬ. ಎರಡು ವರ್ಷ ಅವನ ತಲೆಯ ಹಿಂದೆ ಮೊಳೆಗೆ ಜೋತುಬಿದ್ದು ಘಟ್ಟ ಇಳಿದೆ, ಹತ್ತಿದೆ. ಅವನ ಹೆಂಡತಿಗೆ ಹೆರಿಗೆ ಕಷ್ಟವಾಯಿತು. ಎರಡು ದಿನ ನೋವು ತಿಂದ ಮೇಲೆ ತಾಯಿ, ಮಗು ಇಬ್ಬರೂ ಉಳಿದರು. ಉಳಿಸಿದವರು ಸರಕಾರಿ ಆಸ್ಪತ್ರೆಯ ಕಾಶೀಬಾಯಿ ಸಿಸ್ಟರ್. ಮರುದಿನ ಅವನು ನನ್ನನ್ನು ಹಿಡಿದುಕೊಂಡು ಅವರ ಕ್ವಾರ್ಟರ್ಸಿಗೆ ಹೋದ.

"ಇಟ್ಕೋರಿ ಅಕ್ಕಾರ. ನನಗ ಲಾರಿ ಸಪ್ಪಳಾನ ಸಾಕು. ನಿಮ್ಮ ಮನ್ಯಾಗ ಮಾತಾಡೋರು ಯಾರೂ ಇಲ್ಲಂತ."

ಅವರು ಬೇಡವೆಂದರು. ಅವನು ಬಾಗಿಲ ಚಿಲಕಕ್ಕೆ ನನ್ನನ್ನು ತೂಗುಹಾಕಿ ಹೊರಟೇಬಿಟ್ಟ.

ಕಾಶೀಬಾಯಿ ಮದುವೆಯಾದವರಲ್ಲ. ಡ್ಯೂಟಿ ಮುಗಿಸಿ ಬಂದು, ಕೈ ತೊಳೆದು, ಮೊದಲು ನನ್ನ ಗುಂಡಿ ತಿರುಗಿಸುತ್ತಿದ್ದರು. ಸುದ್ದಿ ಓದುವವರು ನಮಸ್ಕಾರ ಎಂದರೆ ಇವರೂ ನಮಸ್ಕಾರ ಎನ್ನುವರು. ಬಾವಿ ತೋಡುವ ಕ್ರಮವನ್ನು ನಾನು ರೈತರಿಗೆ ಹೇಳುತ್ತಿದ್ದರೆ, ಬಾವಿಯೇ ಇಲ್ಲದ ಇವರು ಹೂಂಗುಟ್ಟುತ್ತ ಕಾಳು ಆರಿಸುವರು. ಅದೇ ಊರಿನಲ್ಲಿದ್ದ ತಂಗಿ ತುಳಸಾಬಾಯಿ ಬಂದಾಗ ಮಾತ್ರ ನನ್ನ ಬಾಯಿ ಬಂದ್. ಎರಡು ತಾಸು ಅಕ್ಕತಂಗಿಯರದೇ ಮಾತು. ಆಗೆಲ್ಲ ಅವಳು ಯಾವಾಗ ಎದ್ದು ಹೋಗುತ್ತಾಳೋ ಎಂದು ಉರಿದುಕೊಳ್ಳುತ್ತ ಕಿಟಕಿಯಲ್ಲಿ ಕೂತಿರುತ್ತಿದ್ದೆ.

ಹೀಗೆ ಹತ್ತೊಂಬತ್ತು ವರ್ಷ. ಸಿಸ್ಟರ್ ನಿವೃತ್ತರಾದರು. ಹಾಕಿದ ಹಾರ ಬಾಡುವ ಮೊದಲೇ ತಂಗಿಯನ್ನು ಕರೆಸಿ, ಜೋಗಿಗುಡ್ಡಕ್ಕೆ ಹೋಗಿ ಇರುತ್ತೇನೆ ಎಂದರು. ಹನ್ನೆರಡು ಮೈಲಿ ಆಚೆಯ ಕುರುಚಲು ಕಾಡಿನ ಗುಡ್ಡ ಅದು. ಹಿಂದೆ ಯಾವನೋ ಜೋಗಿ ಇದ್ದನೆಂಬ ಒಂದು ಕಲ್ಲಿನ ಕೋಣೆ, ಪಕ್ಕದಲ್ಲಿ ಒರತೆ. ಕೆಳಗೆ ಕುರಿಗಾರರ ನಾಲ್ಕು ಮನೆ.

"ತಲಿ ಕೆಟ್ಟೈತೇನು ನಿನಗ?" ಎಂದಳು ತುಳಸಾ.

"ಮೂವತ್ನಾಲ್ಕು ವರ್ಷ ಒದರೋದು ಕೇಳೀನಿ. ಹಡಿಯೋರು ಒದರ್ತಾರ, ಹುಟ್ಟಿದ್ದು ಒದರತೈತಿ, ಡಾಕ್ಟರ್ ಒದರ್ತಾರ. ಸಿಸ್ಟರ್ ಸಿಸ್ಟರ್ ಅಂತ ಯಾರೂ ಕರೀದ ಜಾಗಾದಾಗ ನಾ ಯಾರಂತ ನೋಡಬೇಕು."

"ಮನ್ಯಾಗ ಕುಂತು ನೋಡು."

"ಮನ್ಯಾಗ ನೀ ಕರೀತಿ."

ಎರಡು ಸೀರೆ, ಒಂದು ಕಂಬಳಿ, ನಾಲ್ಕು ಪಾತ್ರೆ, ಮತ್ತು ನಾನು. ಹೊಸ ಸೆಲ್ಲು ಎಂಟು. ತಂಗಿಯನ್ನು ಬಿಟ್ಟರು, ನನ್ನನ್ನು ಬಿಡಲಿಲ್ಲ ಎಂದು ಗುಡ್ಡ ಹತ್ತುವಾಗ ಅವರ ಹೆಗಲ ಮೇಲೆ ಬೀಗುತ್ತಿದ್ದೆ.

ಹತ್ತು ದಿನ ಎಲ್ಲ ಸರಿಯಿತ್ತು. ಬೆಳಿಗ್ಗೆ ಸುದ್ದಿ, ಸಂಜೆ ಹಾಡು. ಆಮೇಲೆ ಸುದ್ದಿಯಷ್ಟೇ ಉಳಿಯಿತು. ಒಂದು ಸಂಜೆ ಭಾವಗೀತೆಯ ನಡುವೆಯೇ ನನ್ನ ಕಿವಿ ಹಿಂಡಿ, "ತಡಿ" ಎಂದರು. ಹುಲ್ಲಿನಲ್ಲಿ ಗಾಳಿ ಆಡಿತು. ಎಲ್ಲೋ ಕೌಜುಗ ಕೂಗಿ ನಿಲ್ಲಿಸಿತು. ಅಷ್ಟೇ, ಮುಂದೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಅವರು ಬಂಡೆಯ ಮೇಲೆ ಕೂತು ಕತ್ತಲಾಗುವವರೆಗೆ ಕೇಳಿದರು. ಹತ್ತೊಂಬತ್ತು ವರ್ಷ ನಾನು ಹಾಡಿದ್ದೆನಲ್ಲ, ಆಗ ಅವರಿಗೆ ಬಂದ ಆ ನೆಮ್ಮದಿಯ ಮುಖ ಒಂದು ದಿನವೂ ನನಗೆ ಕಾಣಿಸಿರಲಿಲ್ಲ.

ಸವತಿ ಮತ್ಸರ ಎಂದು ಕೇಳಿದ್ದೆ. ಅಂದು ಅನುಭವಿಸಿದೆ. ಇನ್ನೊಂದು ರೇಡಿಯೊ ಬಂದಿದ್ದರೆ ಅದಕ್ಕಿಂತ ಜೋರಾಗಿ ಹಾಡುತ್ತಿದ್ದೆ. ದನಿಯೇ ಇಲ್ಲದ್ದರ ಜೊತೆ ಹೇಗೆ ಜಗಳಾಡುವುದು?

ಮಳೆ ಸುರಿದು ಕೋಣೆ ಸೋರಿದಾಗ, ಹೆದರಲಿ ಎಂದುಕೊಂಡೆ. ಅವರು ಪಾತ್ರೆಯಿಟ್ಟು ನೀರು ಹಿಡಿದರು. ಹಾವು ಬಂದಾಗ ಕೋಲಿನಿಂದ ದಾರಿ ತೋರಿಸಿದರು. ಶ್ರಾವಣದಲ್ಲಿ ಜ್ವರ ಬಂತು. ಕುರಿಗಾರರ ಬಾಳವ್ವ, ವಾರಕ್ಕೊಮ್ಮೆ ಹಿಟ್ಟು ತರುವವಳು, ಕಷಾಯ ಮಾಡಿಟ್ಟು ಹೋದಳು. ಮೂರನೆಯ ದಿನ ಮಧ್ಯಾಹ್ನ ಕಾಶೀಬಾಯಿಯ ಕೈ ನನ್ನತ್ತ ಬಂತು. ಹಿಗ್ಗಿನಿಂದ ಬಾಯಿಬಿಟ್ಟೆ. ಸೆಲ್ಲು ಸೊರಗಿದ್ದವು, ಧಾರವಾಡದ ದನಿ ಅರ್ಧ ಬಂತು, ಅರ್ಧ ಕರಕರ. ಎರಡು ನಿಮಿಷ ಕೇಳಿ, ವಯಸ್ಸಾದ ನೆಂಟರನ್ನು ಕಂಡವರ ಹಾಗೆ "ಪಾಪ" ಎಂದು ಬಂದ್ ಮಾಡಿ ಗೋಡೆಗೆ ಮುಖ ಮಾಡಿ ಮಲಗಿದರು. ಆ ಜ್ವರ ಇನ್ನೆರಡು ದಿನ ಇರಲಿ ಎಂದು ಬಯಸಿದೆ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ.

ದೀಪಾವಳಿ ಕಳೆದ ಮೇಲೆ ತುಳಸಾ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು. ಮಗಳು ಶಕುಂತಲೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

"ನಿನ್ನ ಕೈಯಾಗ ಆಗಲಿ ಅಕ್ಕಾ. ಊರ ಮಂದಿಗೆಲ್ಲಾ ಮಾಡಿದಿ, ನಮಗೂ ಒಂದ್ಸಲ ಮಾಡು."

ಕಾಶೀಬಾಯಿ ತಂಗಿಯ ಮುಂದೆ ನೀರಿನ ತಂಬಿಗೆ ಇಟ್ಟರು. "ದವಾಖಾನಿಗೆ ಕರಕೊಂಡು ಹೋಗು. ಅಲ್ಲಿ ನನಗಿಂತ ಚಲೋ ಹುಡುಗ್ಯಾರು ಅದಾರ. ನಾ ಈಗ ಇಳದ್ರ ಮತ್ತ ಹತ್ತಾಂಗಿಲ್ಲ ತುಳಸಾ. ನನಗ ಗೊತ್ತೈತಿ."

"ಕಲ್ಲಾಗೀದಿ ನೀ."

"ಆಗಿರಬೇಕು."

ತುಳಸಾ ಅತ್ತಳು. ಅತ್ತು ಮುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಮತ್ತೆ ಮಾತಾಡಿದಾಗ ಅವಳ ದನಿ ಬೇರೆಯಿತ್ತು.

"ನೀ ಬಂದದ್ದಕ್ಕ ಅಲ್ಲ ನನ್ನ ಸಿಟ್ಟು. ಹದಿನಾರಕ್ಕ ಮದುವಿ ಮಾಡಿದ್ರು. ಅವತ್ತಿನಿಂದ ಒಂದು ದಿನ ಒಬ್ಬಾಕಿನ ಕುಂತಿಲ್ಲ ನಾ. ಜಳಕಕ್ಕ ಹೋದ್ರೂ ಬಾಗಿಲಾ ಬಡೀತಾರ. ನಿನಗ ಇಷ್ಟು ದೊಡ್ಡ ಗುಡ್ಡ ಸಿಕ್ತು. ನನಗ್ಯಾಕ ಸಿಗಲಿಲ್ಲ?"

ಇಷ್ಟು ದಿನ ನಾನು ದ್ವೇಷಿಸುತ್ತಿದ್ದ ಹೆಂಗಸು ನನ್ನದೇ ಹೊಟ್ಟೆಯುರಿಯನ್ನು ಬಾಯಿಬಿಟ್ಟು ಹೇಳಿದ್ದಳು. ಹೊರಡುವಾಗ ಅವಳು ನನ್ನನ್ನು ಎತ್ತಿಕೊಂಡು, "ಇದು ನಿನಗ ಬೇಕೇನು?" ಎಂದಳು.

"ಒಯ್ಯಿ," ಎಂದರು ಕಾಶೀಬಾಯಿ. ಹತ್ತೊಂಬತ್ತು ವರ್ಷಕ್ಕೆ ಒಂದೇ ಮಾತು.

ಶಕುಂತಲೆಗೆ ಆಸ್ಪತ್ರೆಯಲ್ಲೇ ಹೆಣ್ಣುಮಗು ಹುಟ್ಟಿತು. ಇಬ್ಬರೂ ಸುಖವಾಗಿದ್ದರು. ತುಳಸಾಳ ಮನೆ ತುಂಬಿದ ಮನೆ: ಗಂಡ, ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಪಡಸಾಲೆಯಲ್ಲಿ ಟೀವಿ. ನನಗೆ ಅಡುಗೆಮನೆಯ ಗೂಡು. ಒಗ್ಗರಣೆಯ ಹೊಗೆಯಲ್ಲಿ, ಯಾರ ಮಾತೂ ಕಿವಿಗೆ ಬೀಳದಷ್ಟು ಜೋರಾಗಿ ಅವಳು ನನ್ನನ್ನು ಹಚ್ಚಿಡುವಳು. ನನ್ನ ದನಿಯನ್ನು ಅವಳು ಬಾಗಿಲಿನ ಹಾಗೆ ಬಳಸುತ್ತಿದ್ದಳು.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಕಾಶೀಬಾಯಿ ಬಂದರು. ಕಪ್ಪಾಗಿದ್ದರು, ತೆಳ್ಳಗಾಗಿದ್ದರು. ತವರಿಗೆ ಬಂದಿದ್ದ ಶಕುಂತಲೆಯ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಡುಗೆಮನೆಯಲ್ಲೇ ಕೂತರು.

"ಏನ ಸಿಕ್ತು ಅಲ್ಲಿ?" ತುಳಸಾ ರೊಟ್ಟಿ ಬಡಿಯುತ್ತ ಕೇಳಿದಳು.

"ಮೊದಲನೇ ವರ್ಷ ಒದರೋದ ಕೇಳಸ್ತಿತ್ತು. ಅಲ್ಲೀತನಾ ಬೆನ್ನ ಹತ್ತಿತ್ತು. ಆಮ್ಯಾಲೆ ಒಂದು ದಿನ ನಿಂತಬಿಟ್ತು."

"ಆಮ್ಯಾಲೆ?"

"ಆಮ್ಯಾಲಿಂದು ಹೇಳಾಕ ಬರಾಂಗಿಲ್ಲ. ಬಂದು ನೋಡು."

ಅಷ್ಟರಲ್ಲಿ ನಾನು ಕಣ್ಣಿಗೆ ಬಿದ್ದೆ. "ಇದನ್ನ ಕೊಟ್ಟಮ್ಯಾಲೆ ಒಂದು ತಿಂಗಳು, ಸಂಜಿ ಆತಂದ್ರ ನನ್ನ ಕೈ ತಾನಾ ಇದನ್ನ ಹುಡುಕ್ತಿತ್ತು ನೋಡು," ಎಂದರು. ನನ್ನ ಜೀವ ತುಂಬಿಬಂತು. ಅವರು ಆಚೆ ಎದ್ದು ಹೋದ ಮೇಲೆ ಒಳಗಿನ ಕೆಟ್ಟ ದನಿ ಮೆಲ್ಲಗೆ ಕೇಳಿತು: ಒಂದೇ ತಿಂಗಳೇ?

ಮರುದಿನ ಬೆಳಿಗ್ಗೆ ತುಳಸಾ ಗೂಡಿನ ಹತ್ತಿರ ಬಂದು ಕೈ ಚಾಚಿದಳು. ನನ್ನ ಪಟ್ಟಿ ಅವಳ ಬೆರಳಿಗೆ ತಾಗಿತು. ಕರೆದೊಯ್ಯುತ್ತಾಳೆ ಎಂದುಕೊಂಡೆ. ಅವಳು ನನ್ನ ಹಿಂದೆ ತೂಗಿದ್ದ ಕೈಚೀಲ ತೆಗೆದುಕೊಂಡು, ಎರಡು ಸೀರೆ ತುರುಕಿ, ಅಕ್ಕನ ಹಿಂದೆ ಹೊರಟಳು.

"ಅಡಗಿ?" ಎಂದ ಗಂಡ, ಕುರ್ಚಿಯಿಂದ ಏಳದೆ.

"ಹಿಟ್ಟು ಡಬ್ಬ್ಯಾಗ ಐತಿ."

ಹನ್ನೊಂದನೆಯ ದಿನ ತಿರುಗಿ ಬಂದಳು. ಅಲ್ಲಿ ಏನು ಕಂಡೆ ಎಂದು ಮನೆಯವರು ಕೇಳಿದರೆ ಗುಡ್ಡ ಎಂದಳು. ಆ ದಿನ ನನ್ನನ್ನು ಹಚ್ಚಲಿಲ್ಲ. ಮೊಣಕಾಲು ಗಟ್ಟಿಯಿರುವವರೆಗೆ ಪ್ರತಿ ವರ್ಷ ಹೀಗೆ ಹೋಗಿ ಬಂದಳು. ಆಮೇಲೊಂದು ಬೇಸಿಗೆ ಬಾಳವ್ವ ಮನೆ ಹುಡುಕಿಕೊಂಡು ಬಂದು, ಕಾಶೀಬಾಯಿ ಬಂಡೆಯ ಮೇಲೆ ಕೂತಲ್ಲೇ ತೀರಿಕೊಂಡರೆಂದು ಹೇಳಿದಳು.

ಈಗ ನನಗೂ ಮುಪ್ಪು. ಗುಂಡಿ ಮುರಿದಿದೆ, ಸೆಲ್ಲಿನ ಮನೆಯಲ್ಲಿ ತುಕ್ಕು. ಕಾಳಿನ ಕೋಣೆಯಲ್ಲಿ ಜರಡಿಯ ಪಕ್ಕ ಬಿದ್ದಿದ್ದೇನೆ. ನಾನೂ ಸುಮ್ಮನಿದ್ದೇನೆ, ಆದರೆ ನನ್ನದು ಬಾಯಿ ಸತ್ತ ಮೌನ. ಕಾಶೀಬಾಯಿಯದು ಅದಲ್ಲ. ಮಧ್ಯಾಹ್ನ ಊಟವಾದ ಮೇಲೆ ಮುದುಕಿ ತುಳಸಾ ಈ ಕೋಣೆಗೆ ಬಂದು ಚಿಲಕ ಹಾಕಿ, ಜೋಳದ ಚೀಲಕ್ಕೆ ಒರಗಿ ಒಂದು ತಾಸು ಕೂರುತ್ತಾಳೆ. ನನ್ನತ್ತ ನೋಡುವುದಿಲ್ಲ. ಆಗ ಅವಳಿಗೆ, ಬಂಡೆಯ ಮೇಲೆ ಕೂತು ಕೇಳುತ್ತಿದ್ದ ಅಕ್ಕನ ಮುಖವೇ ಬರುತ್ತದೆ. ನಾನೂ ಕಿವಿಗೊಡುತ್ತೇನೆ. ನನಗೆ ಇನ್ನೂ ಏನೂ ಕೇಳಿಸುವುದಿಲ್ಲ. ಹೊಟ್ಟೆಕಿಚ್ಚು ಆರಿಲ್ಲ, ಸುಳ್ಳು ಹೇಳಲಾರೆ. ಆದರೆ ಆ ಹೊತ್ತಿನಲ್ಲಿ ಯಾರಾದರೂ ಬಾಗಿಲು ಬಡಿದರೆ, ಅವಳಿಗಿಂತ ಮೊದಲು ಸಿಟ್ಟು ಬರುವುದು ನನಗೆ.